ಬೀಗದ ಜೊತೆಗೆ ಬಂದ ಕಾಗದ

ಪೆನ್ಷನ್ ಮೊಹಲ್ಲಾದ ಸಮಾಲೋಚನಾ ಕೇಂದ್ರದಲ್ಲಿ
ಹಳೆಯದೊಂದು ಕಂಪ್ಯೂಟರು. ಅದರ ಹೊಟ್ಟೆಯಲ್ಲಿ
ಇನ್ನೂರ ಹದಿನೇಳು ಹೆಂಗಸರ ಹೇಳಿಕೆ:
ಯಾರು ಹೊಡೆದರು, ಯಾವುದರಲ್ಲಿ, ಎಷ್ಟನೇ ಸಲ.
ನಿಂಗರಾಜಮ್ಮ ಕೇಳಿದ್ದು ಒಂದೇ ಮಾತು:
“ನೀವು ಹಂಚೋ ಪುಕ್ಕಟೆ ಸಿಸ್ಟಮ್ಮಲ್ಲಿ
ಬೀಗ ಐತಾ?”

ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಿಯ ಊರಲ್ಲಿ ನಿಂತು
ಇಲ್ಲ ಎನ್ನಲು ನಾಚಿಕೆಯಾಯಿತು.

ನಾವು ನಾಲ್ಕು ಜನ. ಸಾಲಗಾಮೆ ರಸ್ತೆಯ ಮಹಡಿ ಕೋಣೆ,
ಕೆಳಗೆ ಹಿಟ್ಟಿನ ಗಿರಣಿ,
ಕೀಬೋರ್ಡಿನ ಸಂದಿಯಲ್ಲಿ ಸದಾ ರಾಗಿಯ ಧೂಳು.
ಯಾರು ಬೇಕಾದರೂ ಒಯ್ಯಿರಿ, ಬಿಚ್ಚಿರಿ, ತಿದ್ದಿರಿ, ಹಂಚಿರಿ
ಅಷ್ಟೇ ನಮ್ಮ ಒಡಂಬಡಿಕೆ,
ಗಿರಣಿಯವನಿಗೂ ಅರ್ಥವಾಗುವಂಥದು.

ಹುಡುಕಿದೆವು. ಬೀಗ ಸಿಕ್ಕಿತು. ಒಳ್ಳೆಯ ಬೀಗ.
ದುಡ್ಡು ಬೇಡ. ಒಳಗಿನ ಹಲ್ಲು, ಸ್ಪ್ರಿಂಗು
ಎಲ್ಲ ಕಾಣುವ ಹಾಗೆ ಬಿಚ್ಚಿಟ್ಟಿದ್ದಾರೆ.
ಮಾಡಿದವರು ಯಾರೋ, ಹೆಸರಿಲ್ಲ, ಊರಿಲ್ಲ,
ಬರೆದರೆ ಉತ್ತರವಿಲ್ಲ.
ಜೊತೆಗೊಂದು ಕಾಗದ, ಒಂಬತ್ತು ಪುಟ.

ತೋಪೇಗೌಡ ಮೊದಲ ಪುಟ ಓದಿ ಕುಣಿದ.
ನಾಲ್ಕನೆಯದಕ್ಕೆ ಕೂತ.
ಆರನೆಯದಕ್ಕೆ ನನ್ನ ಮುಖ ನೋಡಿದ.
ತಿದ್ದಬಹುದು; ತಿದ್ದಿದರೆ ನಮ್ಮ ಹೆಸರು ಹೇಳಕೂಡದು.
ತಿದ್ದದಿದ್ದರೆ ನಮ್ಮ ಹೆಸರು ಬಿಡಕೂಡದು.
ಹಂಚಬಹುದು; ಹೋದಲ್ಲೆಲ್ಲ ಈ ಕಾಗದವೂ ಹೋಗತಕ್ಕದ್ದು.
ಇಲ್ಲಿ ಹೇಳದೆ ಉಳಿದ ಯಾವ ಹಕ್ಕೂ
ನಿಮ್ಮದೆಂದು ತಿಳಿಯಕೂಡದು.
ಕೊನೆಗೆ, ಸಣ್ಣ ಅಕ್ಷರದಲ್ಲಿ:
ಮೇಲಿನದನ್ನೆಲ್ಲ ಪಾಲಿಸಿದ ಮಾತ್ರಕ್ಕೆ
ದಾವೆ ಹೂಡುವುದಿಲ್ಲವೆಂದು ನಾವು ಮಾತು ಕೊಟ್ಟಿಲ್ಲ.

ಕೋರ್ಟಿನ ಕಾಂಪೌಂಡು, ಕಪ್ಪು ಕೊಡೆ, ನೋಟರಿ ಷಡಕ್ಷರಪ್ಪ.
ಬಂದೂಕಿನ ಲೈಸೆನ್ಸು, ಕಲ್ಲುಕೋರೆ ಲೈಸೆನ್ಸು,
ಆಲೂಗಡ್ಡೆ ಮಂಡಿಯ ಲೈಸೆನ್ಸು ಕಂಡ ಮನುಷ್ಯ
ಕನ್ನಡಕ ಎರಡು ಸಲ ಒರೆಸಿದ.
“ದಾನಪತ್ರ ಅಲ್ಲಮ್ಮ ಇದು. ಕ್ರಯವೂ ಅಲ್ಲ, ಭೋಗ್ಯವೂ ಅಲ್ಲ.
ಮಾವ ಅಳಿಯನಿಗೆ ಕೊಟ್ಟ ಎಮ್ಮೆ.
ಹಾಲು ಕರ್ಕೊ ಅಂತಾನೆ, ಹಗ್ಗ ಬಿಡಲ್ಲ.”
ಸ್ವಲ್ಪ ಹೊತ್ತು ಬಿಟ್ಟು:
“ಬರೆದವನು ಕೆಟ್ಟವನೇನಲ್ಲ. ಹೆದರಿದವನು.
ಯಾರನ್ನೂ ಕೇಳದೆ ರಾತ್ರಿ ಕೂತು ಬರೆದಿದ್ದಾನೆ.”
ಫೀಸು ತಗೊಳ್ಳಲಿಲ್ಲ.

ವಾಪಸು ಬರುವಾಗ ಕಟ್ಟಿನಕೆರೆ ಮಾರ್ಕೆಟ್ಟಿನ ಮೂಲೆಯಲ್ಲಿ
ಕೀ ಖಲಂದರ್ ಸಾಬರು ಅರ ಹಾಕುತ್ತಿದ್ದರು.
ಬೀಗ ಮಾರುವಾಗ ಏನಾದರೂ ಬರೆಸಿಕೊಳ್ತೀರಾ ಎಂದೆ.
“ಬೀಗ ತಗೊಂಡೋರ್ದು, ಕೀ ತಗೊಂಡೋರ್ದು.
ನಂದು ಈ ಪುಡಿ” ಎಂದು ಉಫ್ ಎಂದು ಊದಿದರು.
ಹಿತ್ತಾಳೆ ಪುಡಿ ಬಿಸಿಲಲ್ಲಿ ಒಂದು ಗಳಿಗೆ ನಿಂತು
ನನ್ನ ಸೀರೆಯ ಮೇಲೆ ಕೂತಿತು.

ಆ ರಾತ್ರಿ ಜಗಳ.
“ಹಾಕಿಬಿಡಣ ಕಣಕ್ಕ,
ಹಾಸನದ ತನಕ ಬಂದು ಯಾವನು ಕೇಸ್ ಹಾಕ್ತಾನೆ?”
ನಗು ಬಂತು. ನಿಜವೂ ಹೌದು.
ಆದರೆ ನಾಳೆ ಬೇಲೂರಿನ ಮೇಷ್ಟ್ರು ನಕಲು ಮಾಡಿ
ಸಕಲೇಶಪುರಕ್ಕೆ ಕೊಡುತ್ತಾರೆ, ಅಲ್ಲಿಂದ ಯಾರೋ, ಎಲ್ಲಿಗೋ.
ಗೊತ್ತಿಲ್ಲದವರ ಚೀಲದಲ್ಲಿ
ಗೊತ್ತಿಲ್ಲದವನ ಒಂಬತ್ತು ಪುಟದ ಹೆದರಿಕೆ.
ಯಾರು ಬೇಕಾದರೂ ಅಂದಮೇಲೆ
ಯಾರು ಬೇಕಾದರೂ.

ಬೀಗದ ಜಾಗ ಖಾಲಿ ಬಿಟ್ಟೆವು.
ಸ್ವಂತಕ್ಕೆ ಹಾಕಿಕೊಂಡರೆ ಕಾಗದಕ್ಕೆ ತಕರಾರಿಲ್ಲವಲ್ಲ,
ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ನಾನೇ ಹೋದೆ,
ಪಕ್ಕದಲ್ಲಿ ಕೂತು ಒಂದೊಂದೇ ಒತ್ತಿಸಿದೆ.
ಗುಟ್ಟಿನ ಮಾತು ಬರೆಯಿರಿ ಎಂದು ಎದ್ದು
ಗೋಡೆಯ ಕಡೆ ತಿರುಗಿ ನಿಂತೆ.
“ನಿಮಗೂ ಹೇಳಬಾರದಾ?”
ನನಗೂ.
ಒಂದೇ ಬೆರಳಿನ ಸದ್ದು. ಬ್ಯಾಂಕಿನ ಕ್ಯಾಲೆಂಡರಿನಲ್ಲಿ
ಕಳೆದ ತಿಂಗಳು ಇನ್ನೂ ಹರಿದಿರಲಿಲ್ಲ.
ಬೇಡವೆಂದರೂ ಎಣಿಸಿದೆ. ಇಪ್ಪತ್ತೆರಡು.
ಹದಿನಾಲ್ಕರ ಹತ್ತಿರ ಬೆರಳು ತುಂಬಾ ಹೊತ್ತು ನಿಂತಿತ್ತು.

ನಮ್ಮ ಕೋಣೆಯ ಪಟ್ಟಿಯಲ್ಲಿ ಹದಿಮೂರನೇ ಸಾಲು
ಹಾಗೇ ಇದೆ: ಬೀಗ, ಬಾಕಿ.
ನಿನ್ನೆ ಅರಕಲಗೂಡಿನಿಂದ ಫೋನು, ಇನ್ನೊಂದು ಕೇಂದ್ರ.
ಅಲ್ಲಿಗೆ ಬಸ್ಸು ಎಂಟೂವರೆಗೆ.